ಅಂತರಿಕ್ಷದಲ್ಲಿ ಒಂದೂವರೆ ನಿಮಿಷ

೧೯೯೯ರಲ್ಲಿ ಪುಣೆಯ ಕಾಲೇಜೊಂದಕ್ಕೆ ಮಗಳನ್ನು ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕರೆತಂದಿದ್ದ ರಾಜೀವನಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಅಜ್ಜಿಯೊಬ್ಬಳು ಅದೇ ಸಂದರ್ಶನಕ್ಕೆ ಬಂದಿದ್ದ ಮೊಮ್ಮಗಳಿಗೆ ಪ್ರಶ್ನೆ ಹಾಕುತ್ತಿದ್ದಳು.

“ಆ ದಪ್ಪ ಅಂಗಿ ಇಲ್ಲದ ಅಂತರಿಕ್ಷಕ್ಕ ಹೋದ್ರ ಮೈ ಒಡೀತದೇನ?”

“ಇಲ್ಲ ಆಯಿ, ಬಾತ್ಕೋತದ ಅಷ್ಟ. ಚರ್ಮ ಗಟ್ಟಿ ಇರ್ತದ.”

“ಥಂಡಿಗೆ ಸೆಟೀತಾರೇನ?”

“ಅಷ್ಟ ಲಗೂನ ಇಲ್ಲ. ಆದ್ರ ಹತ್ತು-ಹದಿನೈದು ಸೆಕೆಂಡಿನ್ಯಾಗ ಎಚ್ಚರ ತಪ್ಪತದ. ಉಸಿರು ಬಿಗಿಹಿಡದ್ರ ಪುಪ್ಪುಸ ಹರೀತಾವ.”

“ಅಲ್ಲಿಗೆ ಮುಗೀತು?”

“ಒಂದೂವರೆ ನಿಮಿಷದೊಳಗ ಜೋಡಿದಾರರು ನೌಕೆಯೊಳಗ ಎಳಕೊಂಡ್ರ ಬದುಕಬಹುದು.”

“ದೀಪಾಲಿ!” ಎಂದು ಒಳಗಿನಿಂದ ಕರೆ ಬಂತು. ಹುಡುಗಿಯ ಮುಖ ಬಾಡಿತು.

“ಅಲ್ಲಿ ಇದನ್ನೆಲ್ಲ ಮರಾಠಿಯೊಳಗ ಹೇಳಬೇಕು. ತಪ್ಪಿದ್ರ, ಆಯಿ?”

“ಸಾಲಿ ಮೆಟ್ಟಲಾ ಹತ್ತದ ನನಗ ತಿಳೀತು. ಅವರಿಗೆ ತಿಳಿಯೂದಿಲ್ಲೇನ? ನಡಿ.”

ದೀಪಾಲಿ ನಕ್ಕು ಎದ್ದಳು. ಅಜ್ಜಿ ಬಾಗಿಲವರೆಗೂ ಜೊತೆಗೇ ನಡೆದಳು.