ಮುಚ್ಚಳ ಹಾಕಿ ತೆಗೆದ ಫೋಟೊ

ನಗುವವರು ಈಗಲೇ ನಕ್ಕುಬಿಡಿ. ನಡುವೆ ಕಿಸಕ್ ಅಂದರೆ ನಾನು ಎದ್ದು ಹೋಗ್ತೀನಿ. ಇದು ನನ್ನ ಸ್ವಂತ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ ಆದದ್ದು.

ಭಾವ ಫೋಟೊಗ್ರಾಫರ್. ಅವತ್ತು ಒಂದು ಮದುವೆ ಕೆಲಸ ಮುಗಿಸಿ ರಾತ್ರಿ ನಡೆದು ಬರ್ತಿದ್ದ. ಮನೆಯಲ್ಲಿ ಅಕ್ಕ ಒಬ್ಬಳೇ... ತುಂಬು ಬಸುರಿ. ಕರೆಂಟ್ ಬೇರೆ ಹೋಗಿತ್ತು. ಬೇಗ ಬರ್ತೀನಿ ಅಂತ ಮಾತು ಕೊಟ್ಟಿದ್ದ. ಆದರೆ ಕೈಗೆ ಕ್ಯಾಮೆರಾ ಸಿಕ್ಕರೆ ಈ ಮಹಾರಾಯನಿಗೆ ಹೆಂಡತಿಯೂ ಮರೆತುಹೋಗ್ತಾಳೆ. ಅವತ್ತು ಹೆಗಲಲ್ಲಿ ಎರಡಿದ್ದವು. ತನ್ನ ಹಳೇದೊಂದು, ಗೆಳೆಯನನ್ನು ಕಾಡಿಬೇಡಿ ತಂದ ಹೊಸದೊಂದು.

ಹಳೇದರ ಸೆನ್ಸರ್, ಅದೇ ಬೆಳಕು ಹಿಡಿಯೋ ಚಿಪ್, ಚಿಕ್ಕದು. ಕತ್ತಲಲ್ಲಿ ತೆಗೆದರೆ ಚಿತ್ರದ ತುಂಬಾ ಮರಳು ಚೆಲ್ಲಿದ ಹಾಗೆ ಕಾಳು ಕಾಳು. ಫೋಟೊದವರು ಅದಕ್ಕೆ ನಾಯ್ಸ್ ಅಂತಾರೆ. ಹೊಸದರ ಸೆನ್ಸರ್ ಎರಡರಷ್ಟು ದೊಡ್ಡದು, ಕಾಳು ಕಡಿಮೆ. ಎಷ್ಟು ಕಡಿಮೆ ನೋಡೇಬಿಡೋಣ ಅಂತ ಪಾಳುಬಾವಿ ಹತ್ತಿರ ನಿಂತ.

ಹಳೇದು... ಕ್ಲಕ್.

ಎಲ್ಲೆಲ್ಲೂ ಕಾಳು, ಸರಿ. ಆದರೆ ರಾಟೆಯ ಪಕ್ಕ ಮಾತ್ರ ಒತ್ತೊತ್ತಾಗಿ... ಆಳೆತ್ತರ.

ಹೊಸದು... ಚಿಕ್.

ಚಿತ್ರವೆಲ್ಲ ಚೊಕ್ಕ. ರಾಟೆಯ ಪಕ್ಕ ಮಾತ್ರ ಅದೇ.

ನಾನಾಗಿದ್ದರೆ ಎದ್ದೆನೋ ಬಿದ್ದೆನೋ ಅಂತ ಓಡ್ತಿದ್ದೆ. ಭಾವ ಕಸುಬುದಾರ ನೋಡಿ! ಕ್ಯಾಮೆರಾದ್ದೇ ದೋಷ ಅಂದುಕೊಂಡು ಹೊಸದರ ಲೆನ್ಸಿಗೆ ಮುಚ್ಚಳ ಹಾಕಿದ. ಅವರ ಪರೀಕ್ಷೆಯೇ ಹಾಗೆ. ಮುಚ್ಚಳ ಹಾಕಿ ತೆಗೆದರೆ ಹೊರಗಿನದೇನೂ ಬೀಳಲ್ಲ. ಬರೀ ಕಪ್ಪು, ಅದರ ಮೇಲೆ ಕ್ಯಾಮೆರಾದ ಸ್ವಂತ ಕಾಳು, ಅಷ್ಟೆ.

ಚಿಕ್.

ಆ ಕಪ್ಪಿನಲ್ಲೂ ಅದು ನಿಂತಿತ್ತು... ಮೊದಲಿಗಿಂತ ದೊಡ್ಡದಾಗಿ.

ಚಿಕ್. ಇನ್ನೂ ಹತ್ತಿರ.

ಚಿಕ್... ಏನೂ ಇಲ್ಲ. ಬರೀ ಕಪ್ಪು.

"ಸದ್ಯ! ಸೆನ್ಸರ್ ಬಿಸಿಯಾಗಿ ಕಾಳು ಎದ್ದಿತ್ತು" ಅಂತ ತನಗೆ ತಾನೇ ಹೇಳಿಕೊಂಡ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುರ್ರ್ ಗುರ್ರ್ ಅಂತು. ಅಕ್ಕ. ಪಿಸುದನಿ.

"ರೀ... ಬಾಗಿಲು ತಟ್ಟೋರು ಬಾಯಿಬಿಟ್ಟು ಮಾತಾಡಬಾರದಾ?"

"ನಾನಿನ್ನೂ ಬಾವಿ ಹತ್ರ ಇದೀನಿ ಕಣೇ."



"ರೀ, ಚಿಲಕದ ಮೇಲೆ ಕೈ ಇಟ್ಟಿದೀನಿ."

"ತೆಗೀಬೇಡ!"

ಓಡಿದ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಹೊಟ್ಟೆಯಲ್ಲಿರೋ ಮಗು, ಒಂಟಿ ಹೆಂಡತಿ, ಮಾತು ತಪ್ಪಿದ ತಾನು... ಜೀವ ಬಾಯಿಗೆ ಬಂದಿತ್ತಂತೆ. ಮನೆ ಮುಂದೆ ನರಪಿಳ್ಳೆ ಇಲ್ಲ. ಅವನ ದನಿ ಕೇಳಿದ ಮೇಲೆಯೇ ಅಕ್ಕ ಚಿಲಕ ತೆಗೆದಳು. ಅವಳನ್ನು ಹಿಡಿದುಕೊಂಡು ಭಾವ ಗೊಳೋ ಅಂತ ಅತ್ತ. ಬಾಗಿಲು ತೆಗೆಯಲಿಲ್ಲವಲ್ಲ, ಬದುಕಿದೆವು ಅಂತ ಇಬ್ಬರೂ ಮಲಗಿದರು.

ಬೆಳಿಗ್ಗೆ ನೋಡಿದರೆ ಹೊಸ ಕ್ಯಾಮೆರಾದಲ್ಲಿ ಇನ್ನೊಂದು ಫೋಟೊ ಇತ್ತು, ಎಲ್ಲಕ್ಕಿಂತ ಕೊನೆಯದು. ಭಾವ ಬಟನ್ ಒತ್ತಿರಲಿಲ್ಲ. ಲೆನ್ಸಿನ ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು.

ಸುಳ್ಳು ಅನ್ನೋರು ನಾಳೆ ಬನ್ನಿ, ತೋರಿಸ್ತೀನಿ. ನಾನೇ ಕಣ್ಣಾರೆ ನೋಡಿದೀನಿ. ದೀಪವಿಲ್ಲದ ಮನೆ, ಆದರೂ ಒಂದೇ ಒಂದು ಕಾಳಿಲ್ಲ, ಜಡೆಯ ಎಳೆ ಎಳೆಯೂ ಕಾಣುತ್ತೆ. ಅಕ್ಕ ನಿಂತಿದಾಳೆ. ಕಿವಿಗೆ ಫೋನು, ಚಿಲಕದ ಮೇಲೆ ಕೈ. ಬಾಗಿಲು ಮುಚ್ಚಿದೆ... ಕಾಣೋದು ಅವಳ ಬೆನ್ನು.