ಮುಂಚೆ ಮೇಡಂ ಕೇಳುತ್ತಿದ್ದ ಪ್ರಶ್ನೆ

ವೇದಿಕೆಯ ಮೇಲಿರುವ ಹಿರಿಯರಿಗೆ, ಮುಂದಿನ ಸಾಲಿನಲ್ಲಿರುವ ಮೇಡಂ ಅವರ ಯಜಮಾನರಿಗೆ, ಅಕ್ಕನವರಿಗೆ, ಮಗಳಿಗೆ, ನಮ್ಮ ಕೇಂದ್ರದ ಸಹೋದ್ಯೋಗಿಗಳಿಗೆ — ಮತ್ತು ಬೆಳಗಿನ ಮಾತ್ರೆ ನುಂಗಿ, ತಲೆ ಬಾಚಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಬಂದಿರುವ ನಮ್ಮ ವಾರ್ಡಿನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ — ಎಲ್ಲರಿಗೂ ನಮಸ್ಕಾರ.

ನಾನು ಈ ವಾರ್ಡಿನ ಬ್ರದರ್, ಅಂದರೆ ಗಂಡು ನರ್ಸು. ಇಂಜೆಕ್ಷನ್ ಹಿಡಿದು ಅಭ್ಯಾಸ, ಮೈಕು ಹಿಡಿದು ಅಲ್ಲ. ಆದರೂ ನಾನು ಮಾತಾಡಲೇಬೇಕು ಅಂತ ಪಟ್ಟು ಹಿಡಿದೆ. ಯಾಕೆಂದರೆ ಮೇಡಂ ಜೊತೆ ನನ್ನಷ್ಟು ಜಗಳ ಆಡಿದವರು ಇನ್ನೊಬ್ಬರಿಲ್ಲ. ಯಜಮಾನರು ನಗುತ್ತಿದ್ದಾರೆ — ಸಾರ್, ನಿಮ್ಮನ್ನು ಬಿಟ್ಟು ಹೇಳಿದೆ.

ಹೊಸಬರಿಗೆ ಒಂದು ಮಾತು. ಇಲ್ಲಿಗೆ ಬರುವವರಿಗೆ ಸ್ಕಿಜೋಫ್ರೀನಿಯಾ ಇರುತ್ತದೆ, ಜೊತೆಗೆ ಕುಡಿತವೋ ಗಾಂಜಾವೋ ಅಂಟಿಕೊಂಡಿರುತ್ತದೆ. ಮನೋರೋಗದ ಆಸ್ಪತ್ರೆಗೆ ಹೋದರೆ ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ’ ಅನ್ನುತ್ತಾರೆ. ಕುಡಿತ ಬಿಡಿಸುವಲ್ಲಿಗೆ ಹೋದರೆ ‘ಮೊದಲು ತಲೆ ಸರಿಮಾಡಿಸಿಕೊಂಡು ಬನ್ನಿ’ ಅನ್ನುತ್ತಾರೆ. ಹೀಗೆ ಎರಡು ಬಾಗಿಲ ನಡುವೆ ಅಲೆದು ಸುಸ್ತಾದವರು ಕೊನೆಗೆ ನಮ್ಮಲ್ಲಿಗೆ ಬರುತ್ತಾರೆ. ಮೇಡಂ ಇಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದರು.

ಅವರಿಗೆ ನಾವಿಟ್ಟ ಹೆಸರು ‘ಮುಂಚೆ ಮೇಡಂ’. ಅದು ಅವರಿಗೂ ಗೊತ್ತಿತ್ತು. ಯಾರನ್ನಾದರೂ ಸೇರಿಸಲು ಬಂದರೆ ಮನೆಯವರು ದೂರಿನ ಮೂಟೆ ಬಿಚ್ಚುತ್ತಾರಲ್ಲ — ಟಿ.ವಿ. ಒಡೆದ, ಗೋಡೆ ಜೊತೆ ಮಾತಾಡ್ತಾನೆ, ಅನ್ನದಲ್ಲಿ ವಿಷ ಅಂತಾನೆ. ಮೇಡಂ ಎಲ್ಲವನ್ನೂ ಕೇಳುತ್ತಿದ್ದರು. ಟೀ ಆರಿ ತಣ್ಣಗಾಗುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಒರೆಸಿ, “ಇದೆಲ್ಲ ಶುರುವಾಗೋಕ್ಕೆ ಮುಂಚೆ ಇವರು ಎಂಥ ಮನುಷ್ಯ?” ಅನ್ನುತ್ತಿದ್ದರು. ಎಷ್ಟೋ ವರ್ಷದಿಂದ ಯಾರೂ ಅದನ್ನು ಕೇಳಿರುತ್ತಿರಲಿಲ್ಲ.

ನನಗೆ ರೇಗುತ್ತಿತ್ತು. “ಮುಂಚಿನದು ಕಟ್ಕೊಂಡು ಏನ್ಮಾಡೋಣ ಮೇಡಂ? ಈಗ ಕಚ್ಚೋಕ್ಕೆ ಬರ್ತಿದ್ದಾನಲ್ಲ!” ಅನ್ನುತ್ತಿದ್ದೆ. ಅವರು ಶಾಂತವಾಗಿ, “ಕಚ್ಚಿಸೋದು ಕಾಯಿಲೆ ಇರಬಹುದು ಬ್ರದರ್. ಹಲ್ಲು ಅವರದೇ ಅಲ್ವಾ?” ಅನ್ನುತ್ತಿದ್ದರು.

ಇಬ್ಬರಿಗೆ ಒಂದೇ ಕಾಯಿಲೆ, ಒಂದೇ ಬಾಟಲಿ. ಆದರೆ ಒಬ್ಬರು ಜನರ ಭಯಕ್ಕೆ ಕುಡಿಯುತ್ತಾರೆ, ಇನ್ನೊಬ್ಬರು ಬೇಜಾರಿಗೆ ಕುಡಿಯುತ್ತಾರೆ. ಇಬ್ಬರಿಗೂ ಒಂದೇ ಉಪದೇಶ ಮಾಡಿದರೆ ಯಾರ ಕಿವಿಗೆ ಹೋಗುತ್ತದೆ? ಇದು ಅವರ ವಾದ. “ಕಾಯಿಲೆ, ಕುಡಿತ ಎರಡೂ ಆಮೇಲೆ ಬಂದು ಸೇರಿಕೊಂಡವು. ಮನೆ ಯಜಮಾನ ಒಳಗೇ ಇದ್ದಾನೆ, ಅವನನ್ನ ಮಾತಾಡ್ಸಿ” ಅನ್ನುತ್ತಿದ್ದರು.

ಒಂದು ಉದಾಹರಣೆ ಹೇಳುತ್ತೇನೆ — ನಮ್ಮ ಡ್ರೈವರಣ್ಣನದು. ಅವರನ್ನು ಕೇಳಿಯೇ ಹೇಳುತ್ತಿದ್ದೇನೆ. “ಹೇಳಿ ಬ್ರದರ್, ಆದ್ರೆ ಜಾಸ್ತಿ ಎಳೀಬೇಡಿ” ಅಂದಿದ್ದಾರೆ.

ಬಸ್ ಓಡಿಸುತ್ತಿದ್ದವರು. ಕಿವಿಯಲ್ಲಿ ಧ್ವನಿಗಳು ಶುರುವಾದವು, ಕೆಲಸ ಹೋಯಿತು, ಕುಡಿತ ಹತ್ತಿತು. ಇಲ್ಲಿಗೆ ಬಂದಾಗ ನಾವು ಅವರನ್ನು ಮೂಲೆಯ ಕೋಣೆಯಲ್ಲಿ, ಅಂಗಡಿಗಳಿಗೆ ಮಾರುವ ಕಾಗದದ ಕವರ್ ಅಂಟಿಸಲು ಕೂರಿಸಿದೆವು. ನಮ್ಮ ಲೆಕ್ಕದಲ್ಲಿ ಸುಮ್ಮನೆ ಕೂತವರು ಸುಧಾರಿಸಿದವರು, ಎದ್ದು ಓಡಾಡಿದವರು ಕೆಟ್ಟವರು. ಡ್ರೈವರಣ್ಣ ಕೂರಲಿಲ್ಲ. ಎಲ್ಲರ ಜೊತೆ ಕಿತ್ತಾಡಿದರು, ಕಾಂಪೌಂಡು ಹಾರಿದರು, ಕುಡಿದು ಬಂದರು. ಕಾಯಿಲೆ ಹೆಚ್ಚಾಯಿತು ಅಂತ ಮಾತ್ರೆ ಏರಿಸಿದೆವು. ಮತ್ತೆ ಹಾರಿದರು! ಕೊನೆಗೆ ಇವರನ್ನು ಕಳಿಸಿಬಿಡುವುದು ಅಂತ ಕೇಂದ್ರದ ಸಮಿತಿ ತೀರ್ಮಾನ ಮಾಡಿತು. ಮನೆಯಲ್ಲಿ ಮಕ್ಕಳು ಹೆದರುತ್ತಿದ್ದರು, ಹೆಂಡತಿ ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಕಳಿಸುವುದು ಅಂದರೆ ಬೀದಿಗೆ.

ಮೇಡಂ ಅವರ ಹೆಂಡತಿಯನ್ನು ಕೂರಿಸಿಕೊಂಡು ಅದೇ ಪ್ರಶ್ನೆ ಕೇಳಿದರು. ಆಕೆ ಅಳುತ್ತಿದ್ದವರು ನಕ್ಕುಬಿಟ್ಟರು. “ಮುಂಚೇನೂ ಹಿಂಗೇ ಮೇಡಂ! ಕಾಲಲ್ಲಿ ಚಕ್ರ. ಡಿಪೋದಲ್ಲಿ ಒಂದೇ ರೂಟು ಕೊಟ್ರೆ ಮ್ಯಾನೇಜರ್ ಜೊತೆ ಜಗಳ. ದಿನಾ ಬೇರೆ ರೋಡು ಬೇಕು ಇವರಿಗೆ.”

ಮೇಡಂ ನೇರವಾಗಿ ಸಮಿತಿಗೆ ಬಂದರು. “ನಾವು ಇಷ್ಟು ದಿನ ಔಷಧಿ ಕೊಟ್ಟಿದ್ದು ಕಾಯಿಲೆಗಲ್ಲ, ಸ್ವಭಾವಕ್ಕೆ” ಅಂದರು. ಡ್ರೈವರಣ್ಣನನ್ನು ವ್ಯಾನಿನ ಜೊತೆ ಕಳಿಸಿ, ಅಂಗಡಿಗಳಿಗೆ ಕವರ್ ಕೊಟ್ಟು ಬರಲಿ ಅಂತ ಹಠ ಹಿಡಿದರು. ಗೊಣಗಿಕೊಂಡೇ ಒಪ್ಪಿದೆವು.

ಕೆಲವು ದಿನ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಸಿಗ್ನಲ್‌ನಲ್ಲಿ ವ್ಯಾನು ನಿಂತಾಗ ಡ್ರೈವರಣ್ಣ ಇಳಿದು ಮಾಯ. ನಾನೂ ಮೇಡಮ್ಮೂ ಹುಡುಕಿಕೊಂಡು ಹೋದೆವು. ಹೆಂಡದಂಗಡಿಯ ಮುಂದೆ ಫುಟ್‌ಪಾತಿನಲ್ಲಿ ಕೂತಿದ್ದರು. ಕುಡಿದಿದ್ದರು. ನಾನು ರೆಟ್ಟೆ ಹಿಡಿಯಲು ಹೋದೆ. ಮೇಡಂ ಹೋಗಿ — ಅವರ ಪಕ್ಕದಲ್ಲಿ — ಕೂತರು. ಅಲ್ಲೇ, ನೆಲದ ಮೇಲೆ. ಗುರುತಿನವರು ಓಡಾಡುವ ರಸ್ತೆ ಅದು. “ಕುಡಿಯೋಕ್ಕೆ ಅಂತಾನೇ ಇಳಿದ್ರಾ?” ಅಂತ ಕೇಳಿದರು.

ಡ್ರೈವರಣ್ಣ ಹೇಳಿದ್ದು ನನಗೆ ಇವತ್ತಿಗೂ ಮರೆಯಲು ಆಗಿಲ್ಲ. “ಇಲ್ಲ ಮೇಡಂ. ದಿನಾ ಅದೇ ರೋಡು, ಬೇಜಾರಾಯ್ತು, ಇಳಿದೆ. ಇಳಿದ ಮೇಲೆ ಎಲ್ಲಿಗೆ ಹೋಗ್ಬೇಕು ಗೊತ್ತಾಗ್ಲಿಲ್ಲ. ಇಲ್ಲಿಗೆ ದಾರಿ ಗೊತ್ತಿತ್ತು.”

ಸಮಿತಿ ಕೆಂಡವಾಗಿತ್ತು. ಮೇಡಂ ದನಿ ಏರಿಸಲಿಲ್ಲ. “ಬೇಕಾದ್ರೆ ಹೊರಗೆ ಹಾಕಿ. ಅವರಿಗೆ ಗೊತ್ತಿರೋದು ಒಂದೇ ದಾರಿ, ಅಲ್ಲಿಗೇ ಹೋಗ್ತಾರೆ. ಬೇರೆ ದಾರಿ ತೋರಿಸೋಕ್ಕಾದ್ರೆ ಇಟ್ಕೊಳ್ಳಿ” ಅಂದರು. ಸಮಿತಿ ಇಟ್ಟುಕೊಂಡಿತು. ಅವತ್ತಿನಿಂದ ಡ್ರೈವರಣ್ಣನಿಗೆ ಹೊಸ ಕೆಲಸ. ಕೇಂದ್ರಕ್ಕೆ ಬರುವುದು ನಿಲ್ಲಿಸಿದವರ ಮನೆಗಳಿಗೆ ಹೋಗಿ ಮಾತಾಡಿಸಿ ಬರುವುದು — ದಿನಕ್ಕೊಂದು ಬಡಾವಣೆ, ದಿನಕ್ಕೊಂದು ರಸ್ತೆ. ನಡುವೆ ಎಡವಿದ್ದೂ ಉಂಟು, ಸುಳ್ಳು ಹೇಳುವುದಿಲ್ಲ. ಧ್ವನಿಗಳೂ ಪೂರ್ತಿ ಹೋಗಿಲ್ಲ. “ಅವು ಮಾತಾಡ್ತಾನೇ ಇರ್ತವೆ ಬ್ರದರ್, ರೂಟು ಮಾತ್ರ ನಾನೇ ಹಾಕ್ತೀನಿ” ಅನ್ನುತ್ತಾರೆ. ಈಗ ಭಾನುವಾರ ಮನೆಗೆ ಹೋಗುತ್ತಾರೆ. ಮಕ್ಕಳೇ ಬಾಗಿಲು ತೆಗೆಯುತ್ತಾರೆ.

ಬೆಳಿಗ್ಗೆ ಮೇಡಂ ಅವರ ಅಕ್ಕನ ಹತ್ತಿರ ನಾನೂ ಕೇಳಿದೆ — ನಮಗೆ ಸಿಗೋಕ್ಕೆ ಮುಂಚೆ ಇವರು ಎಂಥ ಮನುಷ್ಯ ಅಂತ. “ಮಹಾ ಮೊಂಡಿ. ಆಟದಲ್ಲಿ ಯಾರಾದ್ರೂ ಔಟಾಗಿ ಆಚೆ ಕೂತ್ರೆ, ಇವಳೂ ಆಟ ಬಿಟ್ಟು ಅವರ ಪಕ್ಕ ಕೂತ್ಕೊಳ್ತಿದ್ಲು. ಬೈದ್ರೂ ಏಳ್ತಿರ್ಲಿಲ್ಲ” ಅಂದರು. ಅಕ್ಕಾ, ನಮಗೂ ಏಳಿಸಲು ಆಗಲಿಲ್ಲ. ಆ ಮೊಂಡುತನದಿಂದ ಬದುಕಿದವರು ಈ ಹಾಲ್ ತುಂಬ ಕೂತಿದ್ದಾರೆ. ಅವರಿಲ್ಲದ ವಾರ್ಡಿಗೆ ನಾಳೆ ಹೋಗಬೇಕಲ್ಲ — ಅದು ನನಗೆ ಕಷ್ಟವಾಗುತ್ತಿದೆ.

ಈಗ ಮೇಡಂ ನೆನಪಿನಲ್ಲಿ ಎಲ್ಲರೂ ಎದ್ದು, ಸ್ವಲ್ಪ ಹೊತ್ತು ಮೌನವಾಗಿ ನಿಲ್ಲೋಣ. ಒಂದು ವಿನಂತಿ ಇದೆ. ನಮ್ಮಲ್ಲಿ ಕೆಲವರಿಗೆ ನಿಂತಲ್ಲೇ ನಿಲ್ಲಲು ಆಗುವುದಿಲ್ಲ. ಅವರು ಓಡಾಡಿದರೆ ಯಾರೂ ಕೈ ಹಿಡಿದು ನಿಲ್ಲಿಸಬೇಡಿ. ಕಿವಿಯಲ್ಲಿ ಮಾತಾಡುವ ಧ್ವನಿಗಳಿಗೆ ಯಾರಾದರೂ ಉತ್ತರ ಕೊಟ್ಟರೆ, ಶ್ ಅನ್ನಬೇಡಿ. ಮೇಡಂ ಅದನ್ನೂ ಮೌನದ ಲೆಕ್ಕಕ್ಕೇ ಹಿಡಿಯುತ್ತಿದ್ದರು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.

ಡ್ರೈವರಣ್ಣ — ನೀವು ನಡೀರಿ.