ಬಾನೆಟ್ ತೆಗೆಯದ ಕಾರು

ಬಾನೆಟ್ಟಾ? ಈಗ್ಯಾಕಮ್ಮ ಬಾನೆಟ್ಟು? ಬಂದು ಇನ್ನೂ ಕೂತಿಲ್ಲ, ಬೆವರು ಆರಿಲ್ಲ, ಬಾನೆಟ್ ತೆಗಿ ಅಂತೀಯ! ಕೂತ್ಕೋ. ಆ ಟೈರ್ ಮೇಲೆ ಬೇಡ, ಗ್ರೀಸ್ ಮೆತ್ಕೊಳ್ಳುತ್ತೆ, ಕುರ್ಚಿ ಎಳ್ಕೋ. ಪ್ರೋವಿ! ಏ ಪ್ರೋವಿ, ಗ್ಲೋರಿ ಬಂದಿದಾಳೆ, ಕಾಫಿ ಇಡು! ಚೀಸೂ ಬಿಸ್ಕತ್ತೂ ತಗೊಂಡ್ ಬಾ!... ಕೇಳಿಸಲ್ಲ ಅವಳಿಗೆ. ನನ್ನ ಹೆಂಡತಿ ಕಿವಿ ಹಾಗೇ. ಕೂಗಿದ್ರೆ ಕೇಳಿಸಲ್ಲ, ಪಕ್ಕದ ಮನೆಯವಳ ಹತ್ರ ಪಿಸುಗುಟ್ಟಿದ್ರೆ ಓಡಿ ಬರ್ತಾಳೆ.

ಹೂಂ, ಗೊತ್ತು, ಮುಂದಿನ ತಿಂಗಳು ನಿನ್ನ ಮದುವೆ. ನಿಮ್ಮಪ್ಪ ಏನು ಹೇಳಿ ಹೋದ ಅನ್ನೋದೂ ಗೊತ್ತು. ಆ ಆಸ್ಪತ್ರೆ ಮಂಚದಲ್ಲಿ ನನ್ನ ಕೈ ಹಿಡ್ಕೊಂಡು, ‘ಹೆನಾರೋ, ನಾವಿಬ್ರೂ ಕಟ್ಟಿದ ಕಾರು ನಿನ್ನ ಹತ್ರಾನೇ ಇರ್ಲಿ, ನನ್ನ ಮಗಳ ಮದುವೆ ದಿನ ಅವಳ ಕೈಗೆ ಕೊಡು’ ಅಂದ. ಹನ್ನೊಂದು ವರ್ಷ ಆಯ್ತು. ನಿಮ್ಮಪ್ಪ ಎವರಿಸ್ತೋ ಆಡಿದ ಮಾತು ಇಲ್ಲಿದೆ ನೋಡು, ಇಲ್ಲಿ, ಎದೇಲಿ. ನಿನ್ನ ಜ್ಞಾನಸ್ನಾನದ ದಿನ ಚರ್ಚಲ್ಲಿ ನಿನ್ನನ್ನ ಎತ್ಕೊಂಡು ನಿಂತವನು ನಾನು. ನನ್ನ ಹತ್ರ ಇದ್ದ ಒಂದೇ ಒಂದು ಒಳ್ಳೆ ಅಂಗಿ ಮೇಲೆ ಉಚ್ಚೆ ಹೊಯ್ದೆ. ಏನಾದ್ರೂ ಅಂದ್ನಾ ನಾನು? ...ಯಾಕೆ ನಗ್ತೀಯ? ನಗು, ನಗು. ನಕ್ಕರೆ ನೀನು ಥೇಟ್ ಅವನೇ.

ಕಾರು ತಯಾರಾಗಿದೆ. ಬೆಳಿಗ್ಗೆ ತೊಳ್ದಿದೀನಿ. ತೊಳೀಬಾರ್ದಿತ್ತು, ಧೂಳಿದ್ರೇನೇ ಅದಕ್ಕೆ ಶೋಭೆ. ನೋಡು ಹೇಗೆ ನಿಂತಿದೆ! ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದ್ರೆ ಮೂರು ಮತ್ತೊಂದು ಅಂದ್ಳಂತೆ, ಹಾಗೆ. ಎಂಬತ್ತೊಂದನೇ ಇಸವಿ ಕೊರೋಲಾ. ಹಿಂದಿನ ಸೀಟಲ್ಲಿ ಮಗು ಕೂರಿಸೋ ಕುರ್ಚಿ. ಗಾಜಿನ ಮೇಲೆ ಯೇಸುವಿನ ಹೃದಯದ ಚಿತ್ರ. ಮುಂದುಗಡೆ ಚರ್ಚಿನವರು ಹಂಚಿದ ಬೀಸಣಿಗೆ. ಬಲಗಡೆ ಬಾಗಿಲಲ್ಲಿ ಆ ನೆಗ್ಗು ಇದೆಯಲ್ಲ, ಅದು ಯಾವುದೋ ಅಪಘಾತ ಅಂದ್ಕೊಂಡಿದ್ದೀಯಾ? ನಾವೇ ಹೊಡೆದಿದ್ದು! ಸುತ್ತಿಗೆ ತಗೊಂಡು! ನಿಮ್ಮಪ್ಪ ಸೀಮೆಸುಣ್ಣದಲ್ಲಿ ಗುರುತು ಹಾಕ್ದ, ‘ಇಲ್ಲಿ ಹೊಡಿ, ಜೋರಾಗಿ ಬೇಡ, ಯಾರೋ ಮುದುಕಿ ರಿವರ್ಸ್ ತಗೊಳ್ವಾಗ ಕಂಬಕ್ಕೆ ಗುದ್ದಿದ ಹಾಗಿರ್ಬೇಕು’ ಅಂದ. ನೆಗ್ಗಿಗೆ ಅಷ್ಟು ಪ್ರೀತಿ ಮಾಡಿದ ಮನುಷ್ಯನ್ನ ನಾನು ಬೇರೆ ಕಂಡಿಲ್ಲ.

ರಾಜಧಾನಿ ಸಾನ್ ಹ್ವಾನ್ ಕಡೆ ಹುಡುಗ್ರು ಬರೋರು ಸಲಿನಾಸಿಗೆ, ಕಾರು ಓಟದ ಟ್ರ್ಯಾಕಿಗೆ. ಅವರ ಕಾರಿನ ಹಿಂದೆ ರೆಕ್ಕೆ, ಕೆಳಗೆ ನೀಲಿ ದೀಪ. ನಮ್ಮನ್ನ ನೋಡಿ, ‘ತಾತ, ಚರ್ಚು ಆ ಕಡೆ’ ಅನ್ನೋರು. ಎವರಿಸ್ತೋ ಬಹಳ ವಿನಯದಿಂದ, ‘ಹೌದಾ ಮಗಾ, ದಾರಿ ತಪ್ಪಿದ್ವಿ, ಬಂದದ್ದಾಯ್ತಲ್ಲ, ಒಂದು ಸಲ ಓಡಿಸಿ ಹೋಗ್ತೀವಿ’ ಅನ್ನೋನು. ಆಮೇಲೆ... ಆಮೇಲೆ ಸೋತ ಹುಡುಗರ ಮುಖ ನೋಡ್ಬೇಕಿತ್ತು ನೀನು!

ಎಂಜಿನ್ ಅಂದ್ರೆ ಎಂಜಿನ್ ಅದು. ಗಾತ್ರ ನೋಡಿದ್ರೆ ಅನ್ನದ ಪಾತ್ರೆ. ಪಿಸ್ಟನ್ನೇ ಇಲ್ಲ, ಒಳಗೆ ಎರಡು ತ್ರಿಕೋನ ಸುತ್ತುತ್ತೆ, ಅಷ್ಟೇ. ಸುತ್ತೋಕೆ ಶುರು ಮಾಡಿದ್ರೆ ಬೆನ್ನು ಸೀಟಿಗೆ ಅಂಟ್ಕೊಳ್ಳುತ್ತೆ. ನೀನು ಹುಟ್ಟಿದ ವಾರ ನಿಮ್ಮಪ್ಪ ಅದರ ಹೊಟ್ಟೆ ಮೇಲೆ ನಿನ್ನ ಹೆಸರು ಕೆತ್ತಿದ, ಚುಕ್ಕೆ ಚುಕ್ಕೆಯಾಗಿ, ಮೊಳೆ ಹೊಡೆದು. ಗ್ಲೋರಿಮಾರ್ ಅಂತ ಕೆತ್ತೋಕೆ ಹೊರಟ, ಗ್ಲೋರಿ ಮುಗಿಯೋ ಹೊತ್ತಿಗೆ ನೀರಿನ ಪೈಪು ಅಡ್ಡ ಬಂತು. ಅದಕ್ಕೇ ನೀನು ಮನೇಲೆಲ್ಲ ಗ್ಲೋರಿ ಆದೆ. ಪ್ರತಿ ಭಾನುವಾರ ಬಟ್ಟೇಲಿ ಒರೆಸ್ತೀನಿ ಆ ಹೆಸರನ್ನ... ಏನು? ಗೊತ್ತಾ? ಪ್ರತಿ ಭಾನುವಾರ ಹೇಳ್ತೀನಾ? ಹೇಳಿದ್ರೇನು, ಒಳ್ಳೆ ಮಾತು ನೂರು ಸಲ ಹೇಳ್ಬಹುದು.

ಅದಿರ್ಲಿ, ನಿನ್ನ ಕಾರಿನ ಕತೆ ಹೇಳು. ಆ ಕಂದು ಡಬ್ಬ. ಒಂದು ವರ್ಷದಿಂದ ಬಡ್ಕೋತಾ ಇದೀನಿ. ನಿಂತ ಜಾಗದಲ್ಲೇ ಮಲೇರಿಯಾ ಬಂದ ಹಾಗೆ ನಡುಗುತ್ತೆ, ಹಿಂದಿನಿಂದ ನೀಲಿ ಹೊಗೆ, ಎಣ್ಣೆ ಕುಡಿಯುತ್ತೆ. ಎಂಜಿನ್ ಕೂರಿಸಿರೋ ರಬ್ಬರ್ ಹೋಗಿದೆ, ಪಿಸ್ಟನ್ ರಿಂಗೂ ಹೋಗಿದೆ. ಮೂವತ್ತೈದು ವರ್ಷದ ಅನುಭವ ಇದು, ಬಾನೆಟ್ ತೆಗೆಯೋದೇ ಬೇಡ, ನಿಂತು ಕೇಳಿದ್ರೆ ಸಾಕು ನಂಗೆ. ಹಿಂದಿನ ಸೀಟಲ್ಲಿ ಮಕ್ಕಳ ಪರೀಕ್ಷೆ ಪೇಪರು, ಗಾಜಿಗೆ ಶಾಲೆ ಚೀಟಿ... ಎವರಿಸ್ತೋ ಮಗಳು ಓಡಿಸೋ ಕಾರಾ ಅದು? ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ. ...ಮತ್ತೆ ನಗ್ತೀಯ!

ಬಾನೆಟ್, ಬಾನೆಟ್, ಬಾನೆಟ್. ಹಟಮಾರಿ ಕಣೆ ನೀನು. ನಮ್ಮ ಓಟದ ಗುಂಪಿನ ಪದ್ಧತಿ ನಿಂಗೆ ಗೊತ್ತಿಲ್ವಾ? ಗೆದ್ದವನು ಬಾನೆಟ್ ತೆಗೆಯಲ್ಲ. ಸೋತವನು ಮಾತ್ರ ತೆಗೆಯೋದು. ನಾವು ದುಡ್ಡಿಗೆ ಓಡಿಸ್ದೋರಲ್ಲ, ಎಂಜಿನ್‌ಗೆ ಎಂಜಿನ್. ಸೋತವನು ಅಲ್ಲೇ ಬಿಚ್ಚಿ ಕೊಟ್ಟು ನಡ್ಕೊಂಡು ಮನೆಗೆ ಹೋಗ್ಬೇಕು. ಗೆದ್ದವನು ಅದನ್ನ ಅಂಗಳದಲ್ಲಿ ಸ್ಟ್ಯಾಂಡ್ ಮೇಲೆ ಇಟ್ಟು ಊರಿಗೆಲ್ಲ ತೋರಿಸ್ತಾನೆ. ಈ ಕಾರಿನ ಬಾನೆಟ್ ಹನ್ನೊಂದು ವರ್ಷದಿಂದ ಯಾರೆದುರೂ ತೆಗೆದಿಲ್ಲ. ಯಾಕೆ? ಸೋತಿಲ್ಲ! ಈ ಕಡೆ ಪಾತಿಯಾಸಿಂದ ಆ ಕಡೆ ಪೋನ್ಸೆವರೆಗೆ ಒಬ್ಬನೂ ನನಗೆ ಸವಾಲು ಹಾಕಲ್ಲ. ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿದ್ರೆ ಸಾಕು, ಹುಡುಗ್ರು ದೂರದಿಂದ ನೋಡಿ ಟೋಪಿ ತೆಗೀತಾರೆ.

ಯಾರು? ಮೊಂಚೋನಾ? ಗ್ವಾಯಾಮಾದ ಮೊಂಚೋ?

...ಅವನ ಹೆಸರು ಯಾಕೆ ಈಗ? ಸತ್ತೋನು, ದೇವರು ಅವನಿಗೆ ಒಳ್ಳೇದು ಮಾಡ್ಲಿ. ಹೂಂ, ಓಡಿಸಿದ್ವಿ ಒಂದ್ಸಲ. ಬ್ರೆಡ್ ಮಾರೋ ವ್ಯಾನ್ ತಗೊಂಡು ಬಂದಿದ್ದ ಪುಣ್ಯಾತ್ಮ. ಮೇಲೆ ದೊಡ್ಡ ಬ್ರೆಡ್ಡಿನ ಚಿತ್ರ, ಒಳಗೆ ಏನಿತ್ತೋ ಭಗವಂತನಿಗೇ ಗೊತ್ತು. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋ ಜಾತಿ... ಹಾಂ? ಯಾರು ಗೆದ್ದಿದ್ದು ಅಂದ್ರೆ? ನಾನೇ! ನಾನೇ ಗೆದ್ದೆ. ಅವನು ನಡ್ಕೊಂಡು ಹೋದ.

ಅವನ ಎಂಜಿನ್ನಾ? ಅದು... ಇಲ್ಲೇ ಎಲ್ಲೋ... ಇಲ್ಲ, ಗುಜರಿಗೆ ಹಾಕ್ದೆ. ಜಾಗ ಎಲ್ಲಿದೆ ಇಲ್ಲಿ, ನೀನೇ ನೋಡು. ಆಮೇಲೆ ಆ ಚಂಡಮಾರುತ ಬೇರೆ ಬಂತು, ಅರ್ಧ ಸಾಮಾನು ಅದರ ಜೊತೆ ಹೋಯ್ತು. ಯಾವಾಗ ಅಂದ್ರೆ? ಯಾವಾಗ ಓಡಿಸಿದ್ದು ಅಂತ ಹೇಗೆ ನೆನಪಿರುತ್ತೆ? ನಿಮ್ಮಪ್ಪ ಹೋದ್ಮೇಲೆ. ಸ್ವಲ್ಪ ದಿನ ಆದ್ಮೇಲೆ. ನಿಮ್ಮ ಮನೇಲಿ ಅವನ ಆತ್ಮಕ್ಕೆ ಒಂಬತ್ತು ದಿನದ ಜಪಸರದ ಪ್ರಾರ್ಥನೆ ನಡೀತಲ್ಲ, ಅದೆಲ್ಲ ಮುಗಿದು ಎಷ್ಟೋ ದಿನದ ಮೇಲೆ. ಎಂಟೂ ದಿನ ಬಂದೆ ನಾನು, ನಿಮ್ಮಮ್ಮನ ಪಕ್ಕದಲ್ಲೇ ಕೂತಿದ್ದೆ. ಒಂಬತ್ತನೇ ದಿನ ಒಂದು ಮಾತ್ರ ಬರೋಕಾಗ್ಲಿಲ್ಲ, ಜ್ವರ. ಕೆಂಡದಂಥ ಜ್ವರ! ಪ್ರೋವಿನ ಕೇಳು ಬೇಕಾದ್ರೆ. ...ಬೇಡ, ಅವಳನ್ನ ಕೇಳ್ಬೇಡ, ಅವಳಿಗೆ ಮರೆವು.

ಯಾಕಮ್ಮ ಹಾಗೆ ನೋಡ್ತೀಯ? ನಿಮ್ಮಪ್ಪಾನೂ ಹೀಗೇ, ಸಿಟ್ಟು ಬಂದ್ರೆ ದುರುಗುಟ್ಟಿ ನೋಡೋನು.

ಏನಿದು? ನಿನ್ನ ಕಾರಿನ ಕೀ... ಓಹೋ! ಈಗ ದಾರಿಗೆ ಬಂದೆ! ಮದುವೆಗೆ ಮುಂಚೆ ಸರಿ ಮಾಡಿಸ್ಬೇಕು ಅನ್ನು. ಅದನ್ನ ಮೊದ್ಲೇ ಹೇಳೋಕೇನು? ಬಾ, ಬಾ, ಹತ್ತು ನಿಮಿಷದ ಕೆಲಸ ಆ ರಬ್ಬರು. ಸ್ಪ್ಯಾನರ್ ಎಲ್ಲಿ... ಹಾಂ. ಅಬ್ಬಾ, ಏನು ಬಿಸಿಲು! ಶಾಲೆ ಟೀಚರ್ ಆದ್ರೂ ಬಾನೆಟ್ ಒಳ್ಳೆ ಗಟ್ಟಿಯಾಗಿ ಮುಚ್ಚಿದ್ದೀಯ, ಒಳಗೆ ಏನು ನಿಧಿ ಇದೆ ಅಂತ... ತಾಳು, ಈ ಕೊಂಡಿ... ಬಂತು.

...

ಇದು.

ಇದು ರಬ್ಬರ್ ಹೋಗಿರೋದಲ್ಲ.

ಬಿಸಿ ಇದೆ ಇನ್ನೂ. ಮುಟ್ಟಲ್ಲ, ಮುಟ್ಟಲ್ಲ... ಜೀ, ಎಲ್, ಓ... ಪೈಪು. ಅದೇ ಪೈಪು.

ಮೊಂಚೋ ಹೆಂಡತಿ ಕೊಟ್ಳಾ? ಯಾರಿಗೂ ತೋರಿಸದೆ ಮುಚ್ಚಿಟ್ಟಿದ್ದ ಅವನು... ಅವನು ಹೋದ್ಮೇಲೆ ಅಂಗಳ ಖಾಲಿ ಮಾಡ್ವಾಗ... ಹೆಸರು ನೋಡಿ ಹೇಳಿ ಕಳಿಸಿದ್ಳಾ ನಿಂಗೆ? ಕೂರಿಸಿದ್ದು ಯಾರು? ನೀನೇನಾ? ಒಬ್ಬಳೇನಾ? ಕೆಳಗೆ ಬಗ್ಗಿ ನೋಡಿದ್ರೆ ಎರಡೆರಡು ಸೈಲೆನ್ಸರ್ ಬೇರೆ ಹಾಕಿದ್ದೀಯ... ಅದಕ್ಕೇ ನಂಗೆ ಸದ್ದು... ಮೂವತ್ತೈದು ವರ್ಷದ ಕಿವಿ ಇದು. ಥೂ.

ತಾಳು. ಮೊಂಚೋ ಹೋಗಿ ಒಂದು ವರ್ಷದ ಮೇಲಾಯ್ತಲ್ಲ? ಹಾಗಾದ್ರೆ ನೀನು... ಇದೇ ಕಾರಲ್ಲಿ... ಒಂದು ವರ್ಷ, ಭಾನುವಾರ ಭಾನುವಾರ ಬಂದು, ಇಲ್ಲಿ ನಿಲ್ಲಿಸಿ, ಆ ಕುರ್ಚೀಲಿ ಕೂತು ಕಾಫಿ ಕುಡಿದು... ನಾನು ಬಟ್ಟೇಲಿ ಹೆಸರು ಒರೆಸೋ ಕತೆ ಹೇಳ್ತಿದ್ದೆ. ನೀನು ಕೇಳ್ತಿದ್ದೆ. ಹೂಂ ಅಂತ ಕೇಳ್ತಿದ್ದೆ. ಈ ವಾರ ಹೇಳ್ತಾನೆ, ಮುಂದಿನ ವಾರ ಹೇಳ್ತಾನೆ ಅಂತ ಕಾಯ್ತಿದ್ದೆಯಾ ಮಗಳೇ?

ಬಯ್ಯಿ. ಒಂದು ಮಾತು ಬಯ್ಯಿ.

ಬಾ ಇಲ್ಲಿ. ನಾನೇ ತೆಗೀತೀನಿ ಆ ಕೊರೋಲಾ ಬಾನೆಟ್ಟು. ಸೋತವನೇ ತೆಗೀಬೇಕು ತಾನೇ? ನೋಡು. ನೋಡ್ಕೋ. ಕಂಪನಿಯಿಂದ ಬಂದ ಸಾದಾ ಎಂಜಿನ್ನು, ಪ್ರೋವಿನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗೋಕಷ್ಟೇ ಲಾಯಕ್ಕು. ಗುಡ್ಡ ಹತ್ತೋವಾಗ ಏದುಸಿರು ಬಿಡುತ್ತೆ. ಸೈಲೆನ್ಸರಿಗೆ ತೂತು ಕೊರೆದು ಗುಡುಗೋ ಹಾಗೆ ಮಾಡಿದೀನಿ, ಅಷ್ಟೇ. ಹನ್ನೊಂದು ವರ್ಷ ಹುಡುಗ್ರು ಟೋಪಿ ತೆಗೆದದ್ದು ಈ ತೂತಿಗೆ.

ಅವತ್ತು ಏನಾಯ್ತು ಗೊತ್ತಾ... ನಿಮ್ಮನೇಲಿ ಎಂಟು ದಿನ ಕೂತು ಕೂತು, ಎಲ್ಲರೂ ಎವರಿಸ್ತೋ ಎವರಿಸ್ತೋ, ಅವನ ಕೈ, ಅವನ ಕಾರು ಅನ್ನೋದೇ. ಒಬ್ಬನೂ ‘ಹೆನಾರೋನೂ ಕಟ್ಟಿದ’ ಅನ್ಲಿಲ್ಲ ಕಣೆ. ಒಂದೇ ಒಂದು ಸಲ ನಾನೇ ಓಡಿಸಿ ಗೆಲ್ಲೋಣ ಅಂತ... ನೀವೆಲ್ಲ ಅಲ್ಲಿ ಕಡೇ ಜಪಸರ ಹಿಡ್ಕೊಂಡು ಕೂತಿದ್ರಿ. ನಾನು ಮಧ್ಯಾಹ್ನದ ಬಿಸಿಲಲ್ಲಿ, ಸಲಿನಾಸಲ್ಲಿ, ಮೊಂಚೋಗೆ ಸೋತು, ನಿನ್ನ ಹೆಸರಿರೋ ಎಂಜಿನ್ನಿನ ಬೋಲ್ಟ್ ಬಿಚ್ತಾ ಇದ್ದೆ.

ಜ್ವರ ಇರ್ಲಿಲ್ಲ ಗ್ಲೋರಿ. ಅವತ್ತು ನಂಗೆ ಜ್ವರ ಇರ್ಲಿಲ್ಲ.